ಜಾರುವ ದಾರಿಗೆ ಜಾಣ ಗೃಹಿಣಿ

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಹೆಂಗಸರಿಗೆ ನೂರೆಂಟು ಯೋಚನೆ. ಹಪ್ಪಳ-ಸಂಡಿಗೆ ಒಣಗಿಸಿ ಡಬ್ಬಿಗೆ ತುಂಬಬೇಕು. ಕಟ್ಟಿಗೆ ಒಳಗೆ ಹಾಕಿಸಬೇಕು. ಮಾಡಿನ ಹೆಂಚು ಸರಿಮಾಡಿಸಬೇಕು. ಮಕ್ಕಳ ಕೊಡೆ ರಿಪೇರಿಯಾಗಬೇಕು. ಇಷ್ಟನ್ನೆಲ್ಲ ನೆನಪಿಟ್ಟುಕೊಳ್ಳುವ ಮನೆಯೊಡತಿ ಅಂಗಳದಲ್ಲಿ ನಿಂತ ಗಾಡಿಯ ಟಯರನ್ನು ಮಾತ್ರ ಬಗ್ಗಿ ನೋಡುವುದಿಲ್ಲ. “ಅಯ್ಯ, ಅದು ಗಂಡಸರ ಕೆಲಸ ಅಲ್ಲೇನ್ರೀ?” ಎಂದುಬಿಡುತ್ತಾಳೆ.

ಹಾಗೆನ್ನುವ ಕಾಲ ಹೋಯಿತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ದಾರಿಗಳಲ್ಲಿ ಇಂದು ಸ್ಟೀರಿಂಗ್ ಹಿಡಿದವರಲ್ಲಿ ಟೀಚರಮ್ಮಂದಿರಿದ್ದಾರೆ, ನರ್ಸುಗಳಿದ್ದಾರೆ, ಹೋಂಸ್ಟೇ ನಡೆಸುವ ಗೃಹಿಣಿಯರಿದ್ದಾರೆ. ಸ್ವತಃ ಗಾಡಿ ಬಿಡದವರೂ ಅದರಲ್ಲಿ ಮಕ್ಕಳನ್ನು ಕೂಡಿಸಿ ಕಳಿಸುವವರೇ. ನಡುರಾತ್ರಿ ಮನೆಯಲ್ಲಿ ಬಸುರಿಗೆ ನೋವು ಶುರುವಾಯಿತೆನ್ನಿ. ಹೊರಗೆ ಧೋ ಎಂದು ಮಳೆ. ಆಗ ಆ ಜೀವವನ್ನು ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸುವುದು ಏನು? ಗಾಡಿ ನೆಲಕ್ಕೆ ತಾಗುವುದು ನಾಲ್ಕೇ ಕಡೆ. ಒಂದೊಂದು ಕಡೆಯೂ ಹೆಚ್ಚು ಕಡಿಮೆ ಅಂಗೈ ಅಗಲ. ಆ ನಾಲ್ಕು ಅಂಗೈಯ ಮೇಲೆ ಇಡೀ ಸಂಸಾರ ಕೂತಿರುತ್ತದೆ.

ಒಂದೊಂದು ಕಡೆ ಒಂದೊಂದು ದಾರಿ

ನಮ್ಮ ಕಡೆ ಮಳೆ ಒಂದೇ ತರಹ ಇಲ್ಲ. ಪಡುವಣಕ್ಕೆ ಹೋದಷ್ಟೂ ಜೋರು, ಮೂಡಣಕ್ಕೆ ಬಂದಷ್ಟೂ ಕಡಿಮೆ. ಹಿಂದೆ ಸೂಪಾ ಎಂಬ ಹೆಸರಿದ್ದ ಜೋಯಿಡಾ ತಾಲ್ಲೂಕಿನಲ್ಲಿ, ಅದರಲ್ಲೂ ಕ್ಯಾಸಲ್‌ರಾಕ್ ಕಡೆ, ಮಳೆ ಹಿಡಿದರೆ ಬಿಡುವುದೇ ಇಲ್ಲ. ಜೋಯಿಡಾದಿಂದ ಅಣಶಿ ಘಟ್ಟ ಇಳಿದು ಕದ್ರಾ ಮೇಲೆ ಕಾರವಾರಕ್ಕೆ ಹೋಗುವ ದಾರಿ ತಿರುವಿನ ಮೇಲೆ ತಿರುವು. ಮರದ ನೆರಳಿನಲ್ಲಿ ಡಾಂಬರಿಗೇ ಹಾವಸೆ ಕಟ್ಟುತ್ತದೆ, ಮೇಲೆ ಕೊಳೆತ ಎಲೆ, ಅದರ ಮೇಲೆ ಮಂಜು. ಒಳಹಳ್ಳಿಗಳ ಕೆಂಪು ಮಣ್ಣಿನ ದಾರಿಯಂತೂ ಸಾಬೂನು ಸವರಿದ ಹಾಗೆ.

ಹಳಿಯಾಳದಿಂದ ಧಾರವಾಡದ ಕಡೆಗೆ ದಾರಿ ನೇರ, ಆದ್ದರಿಂದ ವೇಗ ಜಾಸ್ತಿ. ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿಯ ರಾಡಿ ರಸ್ತೆಗೆ ಬಿದ್ದಿರುತ್ತದೆ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಲಾರಿಗಳು. ಎದುರಿಗೆ ಒಂದು ಬಂತೆಂದರೆ ಗಾಜಿನ ಮೇಲೆ ಕೊಡದಷ್ಟು ಕೆಸರು ನೀರು. ಮುಂಡಗೋಡದಿಂದ ಯಲ್ಲಾಪುರಕ್ಕೋ ಶಿರಸಿಗೋ ಹೊರಟರೆ ಕಾಡಿನ ದಾರಿ, ಕತ್ತಲಾದರೆ ಅಡ್ಡ ಬರುವ ಪ್ರಾಣಿಗಳ ಭಯ.

ಮಳೆ ಏನು ಮಾಡಬಲ್ಲದೆಂಬುದನ್ನು ಜಿಲ್ಲೆ ಕಂಡಿದೆ. 2021ರ ಜುಲೈ ತಿಂಗಳ ನೆರೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಕುಸಿದು ಜೀವಗಳು ಹೋದವು. ಎಷ್ಟು ಒಳ್ಳೆಯ ಟಯರಿದ್ದರೂ ಗುಡ್ಡವನ್ನು ತಡೆಯಲಾರದು. “ಇವತ್ತು ಹೊರಡುವುದು ಬೇಡ” ಎನ್ನುವ ಬುದ್ಧಿಯೇ ಮೊದಲನೆಯ ಬ್ರೇಕು.

ದೊಡ್ಡ ಗಾಡಿ ಎಂಬ ಧೈರ್ಯ

“ನಮ್ಮದು ಎಸ್.ಯು.ವಿ. ರೀ, ಎಲ್ಲಿ ಬೇಕಾದ್ರೂ ಹೋಗ್ತದೆ” ಎಂಬ ಮಾತು ಕೇಳಿರುತ್ತೀರಿ. ಎತ್ತರದ ಗಾಡಿ ಹೊಂಡ-ಗುಂಡಿ ದಾಟುತ್ತದೆ ನಿಜ. ಆದರೆ ಆಕಾರ ಜೀಪಿನದಾದರೂ ಎಷ್ಟೋ ಗಾಡಿಗಳಲ್ಲಿ ಎಂಜಿನ್ನಿನ ಬಲ ಎರಡೇ ಗಾಲಿಗೆ ಹೋಗುತ್ತದೆ. ನಾಲ್ಕೂ ಗಾಲಿಗೆ ಬಲ ಹೋಗುವ ಫೋರ್‌ವ್ಹೀಲ್ ಗಾಡಿಯೇ ಆದರೂ ಅದು ಕೆಸರಿನಿಂದ ಮೇಲೆದ್ದು ಬರಲು ನೆರವು, ನಿಲ್ಲಲು ಅಲ್ಲ. ಬ್ರೇಕು ಒತ್ತಿದಾಗ ಸಣ್ಣ ಕಾರಿಗೂ ದೊಡ್ಡ ಗಾಡಿಗೂ ಇರುವ ಆಸರೆ ಅದೇ ಟಯರು. ದೊಡ್ಡ ಗಾಡಿಯ ಭಾರ ಹೆಚ್ಚು. ಎತ್ತರವೂ ಹೆಚ್ಚಾದ್ದರಿಂದ ತಿರುವಿನಲ್ಲಿ ರಭಸವಾಗಿ ಹೊರಳಿಸಿದರೆ ಮಗುಚುವ ಭಯವೂ ಹೆಚ್ಚು.

ಟಯರು ಮಳೆಯಲ್ಲಿ ಯಾಕೆ ಜಾರುತ್ತದೆ? ಎಣ್ಣೆ ಜಾಸ್ತಿಯಾದ ಕಾವಲಿಯ ಮೇಲೆ ದೋಸೆ ನಿಲ್ಲದೆ ಓಡಾಡುವುದನ್ನು ನೀವು ನೋಡಿದ್ದೀರಿ. ಇದೂ ಹಾಗೆಯೇ. ರಸ್ತೆಗೂ ರಬ್ಬರಿಗೂ ನಡುವೆ ನೀರಿನ ಪದರ ಸೇರಿಕೊಂಡರೆ ಗಾಲಿ ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಸ್ಟೀರಿಂಗೂ ಕೇಳುವುದಿಲ್ಲ, ಬ್ರೇಕೂ ಕೇಳುವುದಿಲ್ಲ. ಆ ನೀರನ್ನು ಪಕ್ಕಕ್ಕೆ ಹೊರಹಾಕಲೆಂದೇ ಟಯರಿನ ಮೈಮೇಲೆ ಗೀರುಗಳಿರುವುದು. ಗೀರು ಸವೆದರೆ ನೀರಿಗೆ ದಾರಿಯಿಲ್ಲ.

ನೋಡುವುದು ಹೇಗೆ?

ಹೊಸ ಟಯರಿನ ಗೀರು ಸುಮಾರು 8 ಮಿ.ಮೀ. ಆಳ ಇರುತ್ತದೆ. ಕಾರು-ಜೀಪುಗಳಿಗೆ ಕನಿಷ್ಠ 1.6 ಮಿ.ಮೀ. ಇರಲೇಬೇಕೆಂದು ನಮ್ಮ ದೇಶದ ನಿಯಮ. ಅಳತೆಪಟ್ಟಿ ಹುಡುಕಬೇಡಿ. ಗೀರಿನೊಳಗೆ ಅಲ್ಲಲ್ಲಿ ರಬ್ಬರಿನ ಸಣ್ಣ ದಿಣ್ಣೆಗಳಿರುತ್ತವೆ. ಟಯರಿನ ಮೈ ಸವೆದು ಆ ದಿಣ್ಣೆಗೆ ಸಮನಾಯಿತೆಂದರೆ ಅದರ ಆಯುಷ್ಯ ಮುಗಿಯಿತು. ಘಟ್ಟದಲ್ಲಿ ಓಡಾಡುವವರು ಅಲ್ಲಿಯವರೆಗೆ ಕಾಯಬಾರದು, 3 ಮಿ.ಮೀ.ಗೆ ಇಳಿದಾಗಲೇ ಬದಲಿಸುವುದು ಕ್ಷೇಮ.

ಟಯರಿನ ಪಕ್ಕದಲ್ಲಿ ಅದರ ಜಾತಕವೂ ಇದೆ. ಕೊನೆಯ ನಾಲ್ಕು ಅಂಕಿ ಹುಟ್ಟಿದ ವಾರ ಮತ್ತು ವರ್ಷ. 2322 ಎಂದಿದ್ದರೆ 2022ನೇ ಇಸವಿಯ 23ನೇ ವಾರ. ಹೆಚ್ಚು ಓಡದೆ ನಿಂತ ಗಾಡಿಯ ಟಯರೂ ವಯಸ್ಸಾದಂತೆ ಗಡುಸಾಗುತ್ತದೆ, ಬಿರುಕು ಬಿಡುತ್ತದೆ. “ಗೀರು ಚೆನ್ನಾಗೈತಲ್ರೀ” ಎಂದು ಅಂಗಡಿಯವನು ಹಳೇ ಮಾಲು ದಾಟಿಸದಂತೆ ಈ ಅಂಕಿ ಓದಿಕೊಳ್ಳಿ. ತರಕಾರಿ ಮುರಿದು ನೋಡಿ ಕೊಳ್ಳುವ ನಮಗೆ ಇದೇನು ದೊಡ್ಡ ವಿದ್ಯೆ?

ಗಾಳಿಯ ವಿಷಯ: ಎಷ್ಟು ಇರಬೇಕೆಂದು ಡ್ರೈವರ್ ಬಾಗಿಲ ಚೌಕಟ್ಟಿನ ಬಳಿ ಚೀಟಿ ಅಂಟಿಸಿರುತ್ತಾರೆ. ಗಾಡಿ ಓಡಿ ಬಿಸಿಯಾಗುವ ಮುಂಚೆ ನೋಡಿಸಬೇಕು. ಸ್ಟೆಪ್ನಿಯನ್ನು ಮರೆಯಬೇಡಿ. ಅದು ಮನೆಯ ಹಿರಿಯಜ್ಜಿಯ ಹಾಗೆ, ಕಷ್ಟ ಬಂದಾಗ ಮಾತ್ರ ನೆನಪಾಗುತ್ತದೆ.

ಕೊಳ್ಳುವಾಗ

ಅಂಗಡಿಯಲ್ಲಿ ಮೂರು ಬಗೆ ತೋರಿಸುತ್ತಾರೆ. ಎಚ್.ಟಿ. ಎಂದರೆ ಡಾಂಬರು ರಸ್ತೆಯದು. ಎ.ಟಿ. ಎಂದರೆ ಡಾಂಬರಿಗೂ ಮಣ್ಣಿಗೂ ಆಗುವಂಥದು. ಎಂ.ಟಿ. ಎಂದರೆ ಬರೀ ಕೆಸರಿಗೆ, ದೊಡ್ಡ ದೊಡ್ಡ ಗಟ್ಟೆಯದು. ನೋಡಲು ಎಂ.ಟಿ. ಬಲು ಗತ್ತು, ಹುಡುಗರು ಅದನ್ನೇ ಬೇಡುತ್ತಾರೆ. ಆದರೆ ಅದು ಡಾಂಬರಿನ ಮೇಲೆ ಸದ್ದು ಮಾಡುತ್ತದೆ, ಎಣ್ಣೆ ಹೆಚ್ಚು ಕುಡಿಯುತ್ತದೆ, ಒದ್ದೆ ಡಾಂಬರಿನಲ್ಲಿ ಹಿಡಿತವೂ ಕಡಿಮೆ.

ಹಳಿಯಾಳ, ದಾಂಡೇಲಿ, ಮುಂಡಗೋಡದ ಪೇಟೆಯಲ್ಲಿದ್ದು ಹುಬ್ಬಳ್ಳಿ-ಧಾರವಾಡಕ್ಕೆ ಓಡಾಡುವವರಿಗೆ ಒಳ್ಳೆಯ ಎಚ್.ಟಿ. ಸಾಕು. ಜೋಯಿಡಾದ ಒಳಹಳ್ಳಿಯಲ್ಲಿ, ತೋಟದ ದಾರಿಯಲ್ಲಿ ದಿನಾ ಓಡುವ ಗಾಡಿಗೆ ಎ.ಟಿ. ಹಾಕಿಸಿ. ಎರಡೇ ಟಯರಿಗೆ ದುಡ್ಡಿದ್ದರೆ ಹೊಸದೆರಡನ್ನೂ ಹಿಂದಕ್ಕೆ ಹಾಕಿಸುವುದು ಲೇಸು. ಹಿಂಭಾಗ ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಅದನ್ನು ಹಿಡಿತಕ್ಕೆ ತರುವುದು ಕಷ್ಟ.

ನಡೆಸುವಾಗ ನೆನಪಿಡಿ

1. ಮೊದಲ ಮಳೆಯ ದಿನ ಹೆಚ್ಚು ಎಚ್ಚರ. ರಸ್ತೆಯ ಎಣ್ಣೆ, ಧೂಳು ನೀರಿಗೆ ಕಲಸಿ ಜಾರುತ್ತದೆ.

2. ವೇಗ ಎರಡರಷ್ಟಾದರೆ ಬ್ರೇಕು ಹಾಕಿ ನಿಲ್ಲಲು ಬೇಕಾದ ದೂರ ನಾಲ್ಕರಷ್ಟು. ಮುಂದಿನ ಗಾಡಿ ಒಂದು ಮರ ದಾಟಿದ ಮೇಲೆ ನೀವು ಆ ಮರ ಮುಟ್ಟುವುದರೊಳಗೆ ನಿಧಾನವಾಗಿ ನಾಲ್ಕು ಎಣಿಸಲು ಆಗಬೇಕು.

3. ಘಟ್ಟ ಇಳಿಯುವಾಗ ಕೆಳಗಿನ ಗಿಯರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಮಾಡಬೇಡಿ. ಸದಾ ಬ್ರೇಕಿನ ಮೇಲೆ ಕಾಲಿಟ್ಟರೆ ಅದು ಕಾದು ಕೈಕೊಡುತ್ತದೆ. ಏರುವ ಗಾಡಿಗೆ ಮೊದಲು ದಾರಿ ಬಿಡಿ.

4. ಗಾಡಿ ಜಾರಿತೋ, ಎಕ್ಸಲರೇಟರಿನಿಂದ ಕಾಲು ತೆಗೆಯಿರಿ. ಹೋಗಬೇಕಾದ ಕಡೆ ನೋಡಿ ಮೆತ್ತಗೆ ಸ್ಟೀರಿಂಗ್ ತಿರುಗಿಸಿ. ಎ.ಬಿ.ಎಸ್. ಇರುವ ಗಾಡಿಯಲ್ಲಿ ತುರ್ತಾಗಿ ನಿಲ್ಲಿಸಬೇಕಾದರೆ ಬ್ರೇಕನ್ನು ಒತ್ತಿ ಹಿಡಿಯಿರಿ. ಕಾಲಡಿ ಗಡಗಡ ಎಂದರೆ ಹೆದರಿ ಬಿಡಬೇಡಿ, ಅದು ಕೆಲಸ ಮಾಡುತ್ತಿದೆ ಎಂದರ್ಥ.

5. ಮೋರಿಯ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ. ಒಂದು ಅಡಿ ಹರಿಯುವ ನೀರು ಸಣ್ಣ ಕಾರನ್ನು ಎತ್ತಬಲ್ಲದು, ಎರಡು ಅಡಿ ನೀರು ದೊಡ್ಡ ಗಾಡಿಯನ್ನೂ ಒಯ್ಯಬಲ್ಲದು.

6. ಕೆಸರಿನಲ್ಲಿ ಸಿಕ್ಕಿಕೊಂಡರೆ ಗಾಲಿಯನ್ನು ಗರಗರ ತಿರುಗಿಸಬೇಡಿ, ಇನ್ನೂ ಹೂಳುತ್ತದೆ. ಗೋಣಿಚೀಲ, ಕಲ್ಲು, ಸೊಪ್ಪು ಕೊಟ್ಟು ಮೆಲ್ಲಗೆ ಎಬ್ಬಿಸಿ.

7. ಮಂಜಿನಲ್ಲಿ ಹೆಡ್‌ಲೈಟ್ ಕೆಳಕ್ಕಿರಲಿ. ಮೇಲಕ್ಕೆ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ.

ಮಗಳು ಹಿಮದ ನಾಡಿನಲ್ಲಿದ್ದರೆ

ನಮಗೆ ಹಿಮ ಎಂದರೆ ಸಿನಿಮಾದ ಹಾಡು. ಅದನ್ನು ತುಳಿದು ಬಂದವರು ನಮ್ಮ ನಡುವೆ ಇದ್ದರೆ ಅವರು 1966ರಲ್ಲಿ ಮುಂಡಗೋಡದ ಬಳಿ ನೆಲೆ ಕಂಡ ಟಿಬೆಟನ್ನರ ಹಿರಿಯರು. ಆದರೆ ಈಗ ನಮ್ಮ ಮಕ್ಕಳೇ ಹಿಮದ ಊರುಗಳಲ್ಲಿದ್ದಾರೆ. ಬಾಣಂತನಕ್ಕೆಂದು ಕೆನಡಾಕ್ಕೋ ಜರ್ಮನಿಗೋ ಹೊರಡುವ ತಾಯಂದಿರು ಮೆಂತ್ಯದ ಹಿಟ್ಟು, ಅಂಟಿನುಂಡೆ ಕಟ್ಟಿಕೊಳ್ಳುವಾಗ ಅಳಿಯಂದಿರಿಗೆ ಒಂದು ಪ್ರಶ್ನೆಯನ್ನೂ ಕಟ್ಟಿಕೊಳ್ಳಿ: “ಚಳಿಗಾಲದ ಟಯರು ಹಾಕಿಸಿದ್ದೀರಾ?”

ಸಾಧಾರಣ ಟಯರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗುತ್ತಾ ಹೋಗುತ್ತದೆ, ಚಳಿಗೆ ಗಟ್ಟಿಯಾದ ತುಪ್ಪದಂತೆ. ಚಳಿಗಾಲದ ಟಯರಿನ ರಬ್ಬರು ಆಗಲೂ ಮೆದುವಾಗಿರುತ್ತದೆ. ಅದರ ಮೈತುಂಬ ಇರುವ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಇದ್ದರೆ ಅದು ಹಿಮದ ಪರೀಕ್ಷೆಯಲ್ಲಿ ಪಾಸಾದ ಟಯರು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟಯರು ಕಡ್ಡಾಯ. ಜರ್ಮನಿಯಲ್ಲೂ ರಸ್ತೆಯಲ್ಲಿ ಹಿಮವಿದ್ದಾಗ ಬೇಕೇಬೇಕು. ಎರಡಲ್ಲ, ನಾಲ್ಕೂ ಗಾಲಿಗೆ ಹಾಕಿಸಬೇಕು. ಹಿಮಗಟ್ಟಿದ ದಾರಿಯಲ್ಲಿ ನಿಲ್ಲಲು ಒಣ ರಸ್ತೆಯ ಹತ್ತರಷ್ಟು ದೂರವೂ ಬೇಕಾದೀತು. ಉಳಿದಂತೆ ಪಾಠ ಅಣಶಿ ಘಟ್ಟದ್ದೇ: ನಿಧಾನ, ಅಂತರ, ಮೆತ್ತಗಿನ ಕೈಕಾಲು.

ಇಷ್ಟು ಓದಿ ಆ ಟಯರು ನಮಗೂ ಇರಲಿ ಎನ್ನಬೇಡಿ. ಹಳಿಯಾಳದ ಬಿಸಿಲಿಗೆ ಆ ಮೆದು ರಬ್ಬರು ಬೇಗ ಸವೆದುಹೋಗುತ್ತದೆ. ಊರಿಗೆ ತಕ್ಕ ಉಡುಪು.

ಸಾಸಿವೆ ಡಬ್ಬಿಯ ಲೆಕ್ಕ

ನಾಲ್ಕು ಟಯರು ಒಟ್ಟಿಗೆ ಎಂದರೆ ಮನೆಯ ಲೆಕ್ಕ ಅಲ್ಲಾಡುವುದು ನಿಜ. ಆದ್ದರಿಂದಲೇ ಹೆಚ್ಚಿನ ಮನೆಗಳಲ್ಲಿ “ಈ ಮಳೆಗಾಲ ಕಳೀಲಿ, ದೀಪಾವಳಿಗೆ ನೋಡೋಣ” ಎಂಬ ಮಾತು ನಡೆಯುತ್ತದೆ. ಬೋಳು ಟಯರಿಗೆ ಮಳೆಗಾಲವೇ ಪರೀಕ್ಷೆ, ದೀಪಾವಳಿಯಲ್ಲ. ಮಳೆ ಮುಗಿದ ಮೇಲೆ ಕೊಡೆ ಕೊಂಡಂತಾಗುತ್ತದೆ. ಗಾಡಿ ಬಂದ ತಿಂಗಳಿನಿಂದಲೇ ಟಯರಿಗೆಂದು ಇಷ್ಟು ಎತ್ತಿಡುತ್ತಾ ಬನ್ನಿ. ಮಗಳ ಮದುವೆಗೆ, ಮಗನ ಓದಿಗೆ ಕೂಡಿಡಲು ಬಲ್ಲವರು ನಾವು. ಅವರಿಬ್ಬರನ್ನೂ ಮನೆಗೆ ಕ್ಷೇಮವಾಗಿ ಕರೆತರುವ ಖರ್ಚೂ ಅದೇ ಡಬ್ಬಿಯಲ್ಲಿರಲಿ.

ಮೇ ತಿಂಗಳ ಒಂದು ಬೆಳಗ್ಗೆ ಅಂಗಳ ಗುಡಿಸುವಾಗ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಐದೂ ಟಯರಿನ ಗೀರು, ಅಂಕಿ, ಬಿರುಕು ನೋಡಿ. ವೈಪರಿನ ರಬ್ಬರು ನೋಡಿ. ಮನೆಯವರಿಗೆ ಹೇಳಿ. ಅವರು ನಕ್ಕರೆ ನಗಲಿ, ಕೈಹಿಡಿದು ಕರೆದೊಯ್ದು ಆ ದಿಣ್ಣೆ ತೋರಿಸಿ. ಆಮೇಲೆ ನಗು ತಾನಾಗಿ ನಿಲ್ಲುತ್ತದೆ.