ಉಪಕೇಂದ್ರದ ನರ್ಸಮ್ಮ ಮತ್ತು ನಮ್ಮ ತೋಟ

ಕೊಳೆರೋಗ ಹರಡಿದ ಮೇಲೆ ಬೋರ್ಡೋ ದ್ರಾವಣದ ಡ್ರಮ್ಮು ಉರುಳಿಸಿದರೆ ಫಲ ಅಷ್ಟಕ್ಕಷ್ಟೆ ಎಂಬುದು ನಮ್ಮ ಸದಸ್ಯ ಬಾಂಧವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಮೊದಲ ಸಿಂಪರಣೆ ಮಳೆ ಹಿಡಿಯುವ ಮುಂಚೆಯೇ ಮುಗಿಯಬೇಕು. ಕಾಂಡಕೊರಕ ಹೊಕ್ಕ ಕಾಫಿ ಗಿಡವನ್ನು ದುಂಬಿ ಹೊರಬೀಳುವ ಮೊದಲೇ ಗುರುತಿಸಿ ಕಿತ್ತು ಸುಡಬೇಕು. ತೋಟದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು, ತೋಟದಲ್ಲಿ ದುಡಿಯುವ ಜನರ ಆರೋಗ್ಯದ ವಿಷಯಕ್ಕೆ ಬಂದಾಗ ಮಾತ್ರ ರೋಗ ಮೈಮೇಲೆ ಬಿದ್ದ ಮೇಲೆ ಜೀಪು ಹುಡುಕುತ್ತೇವೆ. ರೋಗ ಬರುವ ಮುಂಚಿನ ಕೆಲಸಕ್ಕೆಂದೇ ಸರ್ಕಾರ ನೇಮಿಸಿರುವವರು ಉಪಕೇಂದ್ರದ ನರ್ಸಮ್ಮ. ಅವರ ಕೆಲಸವೇನು, ಆ ಕೆಲಸ ನೆಟ್ಟಗೆ ನಡೆಯಲು ನಮ್ಮಿಂದ ಏನಾಗಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ವ್ಯವಸ್ಥೆ ಬೆಳೆದು ಬಂದ ಬಗೆ

ಹಳ್ಳಿಗೆ ಆಸ್ಪತ್ರೆ ಹೇಗೆ ತಲುಪಬೇಕೆಂದು ಯೋಚಿಸಲು 1943ರಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. 1946ರಲ್ಲಿ ಬಂದ ಅದರ ವರದಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬುನಾದಿ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆಗೆ ಈ ಕೇಂದ್ರಗಳು ಆರಂಭವಾದವು. ಮಲೇರಿಯಾಕ್ಕೊಬ್ಬರು, ಸಿಡುಬಿಗೊಬ್ಬರು, ಕುಟುಂಬ ಯೋಜನೆಗೊಬ್ಬರು ಬರುತ್ತಿದ್ದ ಕಾಲದಲ್ಲಿ, 1973ರ ಕರ್ತಾರ್ ಸಿಂಗ್ ಸಮಿತಿಯು ಒಂದೇ ಪ್ರದೇಶಕ್ಕೆ ಎಲ್ಲ ಕೆಲಸವನ್ನೂ ನೋಡಿಕೊಳ್ಳುವ ಬಹೂದ್ದೇಶ ಕಾರ್ಯಕರ್ತರಿರಲಿ ಎಂದು ಶಿಫಾರಸು ಮಾಡಿತು. ಹೆರಿಗೆ ಮಾಡಿಸುವ ಏ.ಎನ್.ಎಂ. ಹೀಗೆ ಇಡೀ ಊರಿನ ಆರೋಗ್ಯ ಕಾರ್ಯಕರ್ತೆಯಾದರು.

ಉಪಕೇಂದ್ರದ ಲೆಕ್ಕ ಹೀಗಿದೆ: ಬಯಲುಸೀಮೆಯಲ್ಲಿ 5000 ಜನಕ್ಕೆ ಒಂದು, ಗುಡ್ಡಗಾಡಿನಲ್ಲಿ 3000 ಜನಕ್ಕೆ ಒಂದು. ಪ್ರಾಥಮಿಕ ಆರೋಗ್ಯ ಕೇಂದ್ರ ಬಯಲಿನಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ. ಕಾಗದದ ಮೇಲೆ ಇದು ಮಲೆನಾಡಿಗೆ ರಿಯಾಯಿತಿಯಂತೆ ಕಾಣುತ್ತದೆ. ಆದರೆ ಬಯಲಿನ 5000 ಜನ ಒಂದೆರಡು ಊರಿನಲ್ಲೇ ಸಿಗಬಹುದು. ನಮ್ಮಲ್ಲಿ 3000 ಜನ ಎಂದರೆ ಎಷ್ಟು ಹಳ್ಳ, ಎಷ್ಟು ಸಂಕ, ಎಷ್ಟು ಒಂಟಿಮನೆ ಎಂಬುದನ್ನು ನಡೆದು ನೋಡಿದವರೇ ಬಲ್ಲರು.

2018ರ ನಂತರ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಹಲವು ಉಪಕೇಂದ್ರಗಳು ಆರೋಗ್ಯ ಕ್ಷೇಮ ಕೇಂದ್ರಗಳಾಗಿ, ಈಗ ಆಯುಷ್ಮಾನ್ ಆರೋಗ್ಯ ಮಂದಿರವೆಂಬ ಹೆಸರು ಪಡೆದಿವೆ. ಅಲ್ಲಿಗೆ ನರ್ಸಿಂಗ್ ಕಲಿತ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದಿದ್ದಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆ ಊರಿನಲ್ಲೇ ಆಗುತ್ತದೆ. ಮನೆಮನೆಗೆ ತಿರುಗುವ ಆಶಾ ಕಾರ್ಯಕರ್ತೆ ಇವರಿಗೆ ನೆರವು.

ಸಣ್ಣ ಹಿಡುವಳಿದಾರನ ಪಾಡು

1951ರ ತೋಟ ಕಾರ್ಮಿಕರ ಕಾಯ್ದೆಯು ದೊಡ್ಡ ಕಾಫಿ, ಚಹಾ, ರಬ್ಬರ್ ತೋಟಗಳ ಮಾಲೀಕರ ಮೇಲೆ ಕಾರ್ಮಿಕರ ವೈದ್ಯಕೀಯ ಸೌಲಭ್ಯದ ಹೊಣೆ ಹೊರಿಸಿತು. ಅಂಥ ಎಸ್ಟೇಟುಗಳಲ್ಲಿ ಔಷಧಾಲಯ, ಕಂಪೌಂಡರು, ದಾದಿ ಎಂಬ ಏರ್ಪಾಡು ಬೆಳೆಯಿತು. ಎರಡೋ ಮೂರೋ ಎಕರೆಯ ಕಾಫಿ, ಒಂದು ತುಂಡು ಅಡಿಕೆ ತೋಟ ಇರುವ ನಮ್ಮಂಥವರು ಆ ಲೆಕ್ಕಕ್ಕೆ ಬರಲಿಲ್ಲ. ಸ್ವಂತ ಆಸ್ಪತ್ರೆ ಕಟ್ಟುವ ಶಕ್ತಿಯೂ ನಮಗಿಲ್ಲ. ಆದ್ದರಿಂದ ಸಣ್ಣ ಬೆಳೆಗಾರನಿಗೂ ಅವನ ಆಳುಕಾಳಿಗೂ ಇರುವ ಹತ್ತಿರದ ಆಸರೆ ಎಂದರೆ ಉಪಕೇಂದ್ರವೇ.

ಬಸುರಿ ಬಾಣಂತಿಯರ ಕೆಲಸ

ತಾಯಿ ಕಾರ್ಡು ಮಾಡಿಸುವುದು ಬರೀ ಕಾಗದದ ಕೆಲಸವಲ್ಲ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. 7ಕ್ಕಿಂತ ಇಳಿದರೆ ಅಪಾಯ. ರಕ್ತದೊತ್ತಡ 140/90 ಮುಟ್ಟಿದರೆ ಎಚ್ಚರಿಕೆ. ಇವೆರಡೂ ನೋವು ಕೊಡದೆ ಬರುವ ಕೆಡುಕುಗಳು. ಅಳೆದು ನೋಡಿದರೆ ಮಾತ್ರ ತಿಳಿಯುತ್ತವೆ. ದಿನಕ್ಕೊಂದರಂತೆ 180 ದಿನ ಕಬ್ಬಿಣಾಂಶದ ಗುಳಿಗೆ ನುಂಗಿಸುವುದು, ಮಗುವಿಗೆ ಹುಟ್ಟಿದಾಗ, ನಂತರ 6, 10, 14ನೇ ವಾರಗಳಲ್ಲಿ, ಮತ್ತೆ 9 ತಿಂಗಳು ತುಂಬಿದ ಮೇಲೆ ಲಸಿಕೆ ಹಾಕಿಸುವುದು, ಎಲ್ಲವೂ ನರ್ಸಮ್ಮನ ದಿನಚರಿ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಹೊತ್ತು ತರಬೇಕು. ಅವರು ಪೆಟ್ಟಿಗೆ ಹಿಡಿದು ಬಂದ ದಿನ ನಾವು ಕೊಯ್ಲಿನ ನೆಪ ಹೇಳಿ ತಾಯಂದಿರನ್ನು ಕಳಿಸದಿದ್ದರೆ ಆ ಶ್ರಮವೆಲ್ಲ ನೀರಿನಲ್ಲಿ ಹೋಮ.

ಇಲ್ಲೊಂದು ಮುಖ್ಯ ಮಾತು. ಈಗ ಕೊಡಗು, ಚಿಕ್ಕಮಗಳೂರು ಕಡೆಯ ತೋಟಗಳಿಗೆ ಅಸ್ಸಾಂನಂಥ ದೂರದ ರಾಜ್ಯಗಳಿಂದಲೂ ಸಂಸಾರ ಸಮೇತ ಆಳುಗಳು ಬರುತ್ತಾರೆ. ಅವರ ಹೆಸರು ಊರಿನ ಪಟ್ಟಿಯಲ್ಲಿ ಇರುವುದಿಲ್ಲ, ಭಾಷೆಯೂ ಬಾರದು. ಲೈನ್ ಮನೆಯಲ್ಲಿ ಒಬ್ಬಳು ಏಳು ತಿಂಗಳ ಬಸುರಿ ಇದ್ದಾಳೆಂದು ತೋಟದವರೇ ಹೇಳದಿದ್ದರೆ ನರ್ಸಮ್ಮನಿಗೆ ತಿಳಿಯುವ ದಾರಿ ಕಡಿಮೆ. ಲಸಿಕೆಗೆ ಇಲ್ಲಿಯ ರೇಷನ್ ಕಾರ್ಡು ಬೇಕಾಗಿಲ್ಲ. ಮಗು ಯಾವ ರಾಜ್ಯದ್ದಾದರೂ ಲಸಿಕೆ ಉಚಿತ.

ಮಂಗನ ಕಾಯಿಲೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಮಲೆನಾಡನ್ನು ಬಿಟ್ಟು ಹೋಗಿಲ್ಲ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗ ಪಟ್ಟ ಕಷ್ಟ ಎಲ್ಲರಿಗೂ ನೆನಪಿದೆ. ಉಣುಗಿನ ಕಡಿತದಿಂದ ಇದು ಮನುಷ್ಯರಿಗೆ ಬರುತ್ತದೆ. ರೋಗದ ಕಾಲ ಡಿಸೆಂಬರಿನಿಂದ ಮೇ ತಿಂಗಳು. ಅಂದರೆ ನಾವು ಸೊಪ್ಪಿನಬೆಟ್ಟಕ್ಕೆ ದರಗು ಗುಡಿಸಲು, ಸೌದೆ ತರಲು ಹೋಗುವ ಕಾಲ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ಅದರ ಬಳಕೆ ನಿಂತಿತು. ಈ ವೈರಾಣುವನ್ನೇ ಕೊಲ್ಲುವ ಔಷಧವೂ ಇಲ್ಲ. ಹೀಗಿರುವಾಗ ಉಳಿದಿರುವುದು ಮುಂಜಾಗ್ರತೆ ಮತ್ತು ಶುಶ್ರೂಷೆ.

ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಂಡು, ಬಂದ ಮೇಲೆ ಬಿಸಿನೀರು ಸೋಪು ಹಾಕಿ ಸ್ನಾನ ಮಾಡಬೇಕು. ಆರೋಗ್ಯ ಇಲಾಖೆಯವರು ಈ ಎಣ್ಣೆ ಹಂಚುತ್ತಾರೆ. ಸತ್ತ ಮಂಗ ಕಂಡರೆ ಮುಟ್ಟದೆ, ಕೂಡಲೇ ಉಪಕೇಂದ್ರಕ್ಕೆ ತಿಳಿಸಬೇಕು. ಸತ್ತ ಮಂಗನ ಮೈಯಿಂದ ಉಣುಗು ಉದುರಿ ಸುತ್ತಲೂ ಹರಡುವುದರಿಂದ, ಆ ಸ್ಥಳದ ಸುತ್ತ 50 ಮೀಟರಿನಷ್ಟು ಜಾಗಕ್ಕೆ ಕೀಟನಾಶಕ ಪುಡಿ ಎರಚಿಸುತ್ತಾರೆ. ಹಠಾತ್ತನೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದವರು ಅಂಗಡಿಯ ಗುಳಿಗೆ ನುಂಗಿ ಮಲಗಬಾರದು. ಆಸ್ಪತ್ರೆಯಲ್ಲಿ ಗಂಟೆಗಂಟೆಗೆ ರಕ್ತದೊತ್ತಡ ನೋಡುತ್ತ, ವಸಡು ಮೂಗಿನಲ್ಲಿ ರಕ್ತ ಕಾಣುತ್ತದೆಯೇ ಎಂದು ಕಾಯುತ್ತ, ದ್ರವ ಕಡಿಮೆಯಾಗದಂತೆ ನೋಡಿಕೊಳ್ಳುವ ನರ್ಸಿನ ಕಣ್ಣೇ ಇಲ್ಲಿ ದೊಡ್ಡ ಚಿಕಿತ್ಸೆ.

ಹಾವು ಕಡಿದಾಗ

ಹಾವು ಕಡಿದವರು ಉಪಕೇಂದ್ರದಲ್ಲಿ ಕಾಯಬಾರದು. 108ಕ್ಕೆ ಕರೆ ಮಾಡಿ, ಪ್ರತಿವಿಷ ಇರುವ ಆಸ್ಪತ್ರೆಗೇ ನೇರ ಹೋಗಬೇಕು. ಎಲ್ಲಿ ಪ್ರತಿವಿಷ ಇದೆ ಎಂಬುದನ್ನು ಮುಂಚೆಯೇ ನರ್ಸಮ್ಮನಿಂದ ಕೇಳಿ ಬರೆದಿಟ್ಟುಕೊಳ್ಳಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಚೀಪುವುದು ಬೇಡ. ಕಡಿದ ಕೈಕಾಲು ಅಲುಗಾಡದಂತೆ ಇಟ್ಟರೆ ಸಾಕು.

ಆಸ್ಪತ್ರೆಯಲ್ಲಿ ನರ್ಸು ಸ್ವಲ್ಪ ರಕ್ತವನ್ನು ಒಣಗಿದ ಶುಭ್ರ ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ರಕ್ತಕ್ಕೆ ಏರಿದೆ ಎಂದರ್ಥ. ರೆಪ್ಪೆ ಜೋಲುತ್ತಿದ್ದರೆ ನಾಗರ ಅಥವಾ ಕಟ್ಟುಹಾವಿನ ವಿಷದ ಸಂಶಯ. ಪ್ರತಿವಿಷ ಕೊಡುವಾಗಲೂ ಮೈ ಒಗ್ಗದೆ ಉಸಿರು ಕಟ್ಟಬಹುದು. ಆದ್ದರಿಂದ ಹಾಸಿಗೆಯ ಪಕ್ಕ ಒಬ್ಬರು ಕಾವಲಿರಲೇಬೇಕು. ಕಾಫಿ ತೋಟದ ಗುಳಿಮಂಡಲ ಹಾವುಗಳ ವಿಷಕ್ಕೆ ಈಗಿನ ಪ್ರತಿವಿಷ ನಾಟುವುದಿಲ್ಲವಾದ್ದರಿಂದ ಹಾವಿನ ಬಣ್ಣ, ಆಕಾರ ನೆನಪಿದ್ದರೆ ಹೇಳಿ. ಆದರೆ ಅದನ್ನು ಹುಡುಕಿ ಹೊಡೆಯಲು ಹೋಗಿ ಹೊತ್ತು ಕಳೆಯಬೇಡಿ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವಿನ ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿದೆ.

ಮರದಿಂದ ಬಿದ್ದವರ ಹಾಸಿಗೆಯ ಬಳಿ

ಕೊನೆಗಾರನೊಬ್ಬ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದರೆ, ಅವನನ್ನು ಕೂರಿಸದೆ, ಬೆನ್ನು ಬಾಗಿಸದೆ ಹಲಗೆಯ ಮೇಲೆ ಸಾಗಿಸಬೇಕು. ದೊಡ್ಡ ಆಸ್ಪತ್ರೆಯ ಚಿಕಿತ್ಸೆ ಕೆಲವು ವಾರಗಳದ್ದು. ಆಮೇಲಿನ ವರ್ಷಗಳು ಮನೆಯ ಹಾಸಿಗೆಯಲ್ಲಿ. ಸ್ಪರ್ಶವಿಲ್ಲದ ಮೈಗೆ ಹುಣ್ಣಾದರೆ ರೋಗಿಗೇ ತಿಳಿಯದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರದ ನಳಿಕೆ ಶುಚಿಯಾಗಿಡುವುದು, ಚೀಲವನ್ನು ಸೊಂಟಕ್ಕಿಂತ ಕೆಳಗೆ ಇಡುವುದು, ಇವನ್ನು ಮನೆಯವರಿಗೆ ಕಲಿಸುವವರು ನರ್ಸು. ಎಷ್ಟೋ ಜೀವ ಹೋಗುವುದು ಬಿದ್ದ ಪೆಟ್ಟಿನಿಂದಲ್ಲ, ಇಂಥ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ. ನೆರೆಯ ಕೇರಳದಲ್ಲಿ 2008ರ ಉಪಶಾಮಕ ಆರೈಕೆ ನೀತಿಯ ನಂತರ, ಪಂಚಾಯಿತಿಗಳ ನೆರವಿನಿಂದ ನರ್ಸುಗಳು ಹಾಸಿಗೆ ಹಿಡಿದವರ ಮನೆಗೇ ಹೋಗುವ ಏರ್ಪಾಡು ಬೆಳೆದಿದೆ. ನಮ್ಮ ಪಂಚಾಯಿತಿಗಳ ಗ್ರಾಮಸಭೆಯಲ್ಲಿ ಇದನ್ನು ಕೇಳಲು ಅಡ್ಡಿಯೇನೂ ಇಲ್ಲ.

ಸದಸ್ಯರಿಂದ ಆಗಬೇಕಾದ ಕೆಲಸ

ಉಪಕೇಂದ್ರದಲ್ಲಿ ನರ್ಸು ನಿಲ್ಲುವುದಿಲ್ಲ ಎಂಬ ದೂರು ಸಭೆಗಳಲ್ಲಿ ಕೇಳಿಬರುತ್ತದೆ. ಸೋರುವ ಮಾಡು, ನೀರಿಲ್ಲದ ಕ್ವಾರ್ಟರ್ಸು, ಮಳೆಗಾಲದಲ್ಲಿ ಕರೆಂಟಿಲ್ಲದ ರಾತ್ರಿ, ಒಂಟಿ ಹೆಣ್ಣುಮಗಳು. ನಮ್ಮ ಮನೆಯ ಮಗಳಾದರೆ ಅಲ್ಲಿ ಬಿಡುತ್ತಿದ್ದೆವೆಯೇ? ಗುತ್ತಿಗೆಯ ಮೇಲೆ ದುಡಿಯುವವರೂ ಅವರಲ್ಲಿ ಅನೇಕರಿದ್ದಾರೆ. ಸರ್ಕಾರ ಮಾಡಬೇಕಾದ್ದನ್ನು ಸರ್ಕಾರದಿಂದ ಕೇಳೋಣ. ನಮ್ಮ ಕೈಯಲ್ಲಿ ಆಗುವುದನ್ನು ಈ ಕೊಯ್ಲಿನೊಳಗೆ ಮಾಡೋಣ:

1. ಹೊಸ ಆಳುಗಳು ಬಂದ ವಾರದೊಳಗೆ ಉಪಕೇಂದ್ರಕ್ಕೆ ತಿಳಿಸುವುದು.

2. ಲಸಿಕೆ ಮತ್ತು ಗರ್ಭಿಣಿಯರ ತಪಾಸಣೆಯ ದಿನ ತಾಯಂದಿರಿಗೆ ಕೂಲಿ ಕಡಿಯದೆ ಬಿಡುವು ಕೊಡುವುದು.

3. ಮಳೆಗಾಲಕ್ಕೆ ಮುನ್ನ ಉಪಕೇಂದ್ರದ ದಾರಿ, ಸಂಕ, ನೀರಿನ ಪೈಪುಗಳನ್ನು ಶ್ರಮದಾನದಿಂದ ಸರಿಪಡಿಸುವುದು.

4. ನರ್ಸಮ್ಮನ ಫೋನ್ ನಂಬರು, 108, ಪ್ರತಿವಿಷ ಇರುವ ಆಸ್ಪತ್ರೆಯ ಹೆಸರು, ಇಷ್ಟನ್ನೂ ಕಣದ ಗೋಡೆಯ ಮೇಲೆ ದೊಡ್ಡದಾಗಿ ಬರೆಸುವುದು.

5. ಸಂಘದ ಸಭೆಗೆ ವರ್ಷಕ್ಕೊಮ್ಮೆ, ಡಿಸೆಂಬರಿಗೆ ಮೊದಲು, ನರ್ಸಮ್ಮನನ್ನು ಕರೆಸಿ ಅವರ ಮಾತು ಕೇಳುವುದು.

ಇದಕ್ಕೆಲ್ಲ ಹೆಚ್ಚಿನ ಖರ್ಚಿಲ್ಲ. ಕೊಯ್ಲಿನ ಆಳುಗಳ ಲೆಕ್ಕ ಬರೆಯುವ ಪುಸ್ತಕ ಪ್ರತಿ ಮನೆಯಲ್ಲೂ ಇದೆ. ಈ ಬಾರಿ ಅದರಲ್ಲಿ ಇನ್ನೆರಡು ಗೆರೆ ಎಳೆಯಿರಿ: ಬಸುರಿಯರು ಯಾರು, ಐದು ವರ್ಷದೊಳಗಿನ ಮಕ್ಕಳು ಎಷ್ಟು. ನರ್ಸಮ್ಮ ಬಂದಾಗ ಆ ಪುಟವನ್ನು ಅವರ ಮುಂದಿಡಿ. ಮುಂದಿನ ಕೆಲಸ ಅವರಿಗೆ ಗೊತ್ತು.