ಕಂಕುಳ ಕೂಸು, ಕಚೇರಿಯ ಕಡತ

ದಲಿತ ವಿಮರ್ಶೆ ಕತೆ, ಕವಿತೆಗಳನ್ನು ಓದಿದಷ್ಟು ಎಚ್ಚರದಿಂದ ಸರ್ಕಾರಿ ಅರ್ಜಿಗಳನ್ನು ಓದಿಲ್ಲ. ಅರ್ಜಿಯೂ ಒಂದು ಪಠ್ಯವೇ. ಅದಕ್ಕೂ ಒಬ್ಬ ನಾಯಕನಿದ್ದಾನೆ. ವಿದ್ಯಾರ್ಥಿವೇತನದ ಅರ್ಜಿಯ ನಾಯಕ ಮದುವೆಯಾಗದ ಮಗ. ಹಾಸ್ಟೆಲಿನಲ್ಲಿರುತ್ತಾನೆ, ಊರಲ್ಲಿ ಅಪ್ಪ-ಅವ್ವ ಕೂಲಿ ಮಾಡುತ್ತಾರೆ. ನಮ್ಮ ಸಾಹಿತ್ಯಕ್ಕೂ ಇವನೇ ಪರಿಚಿತ. ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಓದಿ ಬೆಳೆದ ನಮಗೆ ಅಕ್ಷರ ಕಲಿತ ದಲಿತ ಎಂದ ಕೂಡಲೇ ಕಣ್ಣಿಗೆ ಕಟ್ಟುವುದು ಇಂಥ ಹುಡುಗನೇ.

ಮಗು ಹೆತ್ತು ಓದಲು ಬರುವ ಹೆಣ್ಣುಮಗಳು ಈ ಪಠ್ಯದಲ್ಲಿಲ್ಲ. ವಿದ್ಯಾರ್ಥಿಗಳ ಕಡತದಲ್ಲಿ ಅವಳು ತಾಯಿಯಲ್ಲ. ತಾಯಂದಿರ ಕಡತದಲ್ಲಿ ಅವಳು ವಿದ್ಯಾರ್ಥಿನಿಯಲ್ಲ. ಈ ಎರಡರ ನಡುವೆ ಅವಳು ಎಲ್ಲಿ ಜಾರುತ್ತಾಳೆ, ಎಲ್ಲಿ ಹಿಡಿದು ನಿಲ್ಲಬಹುದು ಎಂಬುದನ್ನು, ನನ್ನ ತರಗತಿಗೆ ಬರುವ ಇಂಥವರ ಅರ್ಜಿಗಳನ್ನು ನೋಡಿ ತಿಳಿದಷ್ಟು, ಇಲ್ಲಿ ಹೇಳುತ್ತೇನೆ.

ಮೊದಲನೆಯದು ಆದಾಯ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾದದ್ದು. 2021ರ ಮಾರ್ಗಸೂಚಿಯಲ್ಲಿ ಆದಾಯದ ಮಿತಿ ವರ್ಷಕ್ಕೆ 2.5 ಲಕ್ಷ ರೂಪಾಯಿ. ಯಾರ ಆದಾಯ? 2010ರ ನಿಯಮಾವಳಿ ಸ್ಪಷ್ಟವಾಗಿ ಹೇಳಿತ್ತು: ತಂದೆ-ತಾಯಿಯದು, ಮದುವೆಯಾಗಿ ಕೆಲಸವಿಲ್ಲದ ಹುಡುಗಿಯಾದರೆ ಗಂಡನದು. ಅವರು ಸತ್ತಿದ್ದರೆ ಮಾತ್ರ ಓದಿಸುವ ಪೋಷಕರದು. ಗಂಡ ಬದುಕಿದ್ದಾನೆ, ಆದರೆ ಬಿಟ್ಟುಹೋಗಿದ್ದಾನೆ ಎಂಬ ಸ್ಥಿತಿಗೆ ಅಲ್ಲಿ ಜಾಗವೇ ಇಲ್ಲ. ಬದುಕಿರುವ ಗಂಡ ಎಂದರೆ ಸಾಕುವ ಗಂಡ ಎಂದೇ ಅದರ ನಂಬಿಕೆ. ಹೆಣ್ಣನ್ನು ತಂದೆಯ ಕೈಯಿಂದ ಗಂಡನ ಕೈಗೆ ದಾಟಿಸುವ ಮನುವಿನ ಲೆಕ್ಕ ಇಲ್ಲಿ ಮೊಹರು ಹಾಕಿಸಿಕೊಂಡು ಕೂತಿದೆ.

ತವರಿನಲ್ಲಿದ್ದು, ಎರಡು ವರ್ಷದ ಕೂಸು ಕಟ್ಟಿಕೊಂಡು ಬಿ.ಎ. ಓದುತ್ತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಕೌಂಟರಿನಲ್ಲಿ ಕೇಳಿದ್ದೂ ಅದನ್ನೇ: ‘‘ಗಂಡನ ಇನ್‌ಕಮ್ ಎಲ್ಲಮ್ಮಾ?’’ ‘‘ಅವನೇ ಎಲ್ಲವ್ನೋ ಗೊತ್ತಿಲ್ಲ ಸಾರ್, ಅವನ ಇನ್‌ಕಮ್ ಎಲ್ಲಿಂದ ತರ್ಲಿ?’’ ಅಂದಳಂತೆ. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಎರಡನೆಯದು ಹಾಸ್ಟೆಲು. ಅದೇ 2021ರ ಮಾರ್ಗಸೂಚಿಯಂತೆ ಸಾಮಾನ್ಯ ಪದವಿ, ಸ್ನಾತಕೋತ್ತರ ಪದವಿಗೆ ಶೈಕ್ಷಣಿಕ ಭತ್ಯೆ ಹಾಸ್ಟೆಲಿನಲ್ಲಿರುವವರಿಗೆ ವರ್ಷಕ್ಕೆ 6,000 ರೂಪಾಯಿ, ಮನೆಯಿಂದ ಬರುವವರಿಗೆ 3,000. ಕೂಸಿನ ತಾಯಿ ಹಾಸ್ಟೆಲು ಸೇರಲಾರಳು. ಅಂದರೆ ಹಾಲಿನ ಖರ್ಚಿರುವವಳ ಕೈಗೆ ಅರ್ಧ ದುಡ್ಡು. ತಾಯಿ-ಮಗು ಒಟ್ಟಿಗಿರುವ ಹಾಸ್ಟೆಲನ್ನು ಸರ್ಕಾರ ಕಂಡೇ ಇಲ್ಲವೆ? ಕಂಡಿದೆ. 1972-73ರಲ್ಲಿ ಶುರುವಾದ ಕೇಂದ್ರದ ದುಡಿಯುವ ಮಹಿಳೆಯರ ಹಾಸ್ಟೆಲ್ ಯೋಜನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಕ್ಕೂ ಅವಕಾಶ ಕೊಟ್ಟಿದೆ. ಓದುವುದನ್ನು ದುಡಿಮೆ ಎಂದು ಒಪ್ಪಿಲ್ಲ, ಅಷ್ಟೆ.

ಇನ್ನು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಶುರುವಾದಾಗ ಮೊದಲ ಕೇಂದ್ರಗಳಲ್ಲಿ ನಮ್ಮ ಟಿ. ನರಸೀಪುರವೂ ಇತ್ತು. ಅಲ್ಲಿನ ಶಾಲಾಪೂರ್ವ ಕಲಿಕೆ ಮೂರರಿಂದ ಆರು ವರ್ಷದವರಿಗೆ. ಮೂರು ತುಂಬದ ಕೂಸಿಗೆ ಪೌಷ್ಟಿಕ ಆಹಾರ ಸಿಗುತ್ತದೆ. ತಾಯಿ ಕಾಲೇಜಿಗೆ ಹೋಗಿ ಬರುವತನಕ ಕೂರುವ ಜಾಗ ಸಿಗುವುದಿಲ್ಲ.

ಮೂರನೆಯದು ಗ್ಯಾರಂಟಿಗಳು. 2023ರ ಆಗಸ್ಟ್ 30ರಂದು ಚಾಲನೆಗೊಂಡ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ರೇಷನ್ ಕಾರ್ಡಿನ ಯಜಮಾನಿಗೆ. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನು ಯಜಮಾನಿ ಮಾಡಿತು. ಅದು ಸರಿಯಾದ ಹೆಜ್ಜೆ. ಆದರೆ ಓದುವ ಸೊಸೆ ಗಂಡನ ಮನೆಯಲ್ಲಿದ್ದರೆ ಹಣ ಅತ್ತೆಗೆ, ತವರಿನಲ್ಲಿದ್ದರೆ ಅವ್ವನಿಗೆ. ಯುವನಿಧಿ ಓದು ಮುಂದುವರಿಸಿದವರಿಗೆ ಇಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಮಾತ್ರ ಅವಳನ್ನು ನೇರವಾಗಿ ಮುಟ್ಟುತ್ತದೆ. ಬಸ್ಸು ಗಂಡ ಯಾರು ಅಂತ ಕೇಳುವುದಿಲ್ಲ.

ಹಾಗಾದರೆ ಈಗ ಮಾಡಬಹುದಾದ್ದು ಏನು?

ಜಾತಿ ಹುಟ್ಟಿನಿಂದ ಬಂದದ್ದು, ಮದುವೆಯಿಂದ ಬದಲಾಗುವುದಿಲ್ಲ. ಜಾತಿಗೆ ತವರಿನ ದಾಖಲೆಯನ್ನೇ ಹಿಡಿಯಬೇಕು. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸುವ ಆತುರ ಬೇಡ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಆಧಾರ್‌ಗೂ ಹೊಂದದಿದ್ದರೆ ಅರ್ಜಿ ಅಲ್ಲೇ ತೊಡರುತ್ತದೆ. ಬ್ಯಾಂಕ್ ಖಾತೆ ತನ್ನೊಬ್ಬಳ ಹೆಸರಿನಲ್ಲಿರಲಿ. ಆಧಾರ್ ಆಧಾರಿತ ಹಣ ಕೊನೆಯ ಸಲ ಜೋಡಿಸಿದ ಖಾತೆಗೆ ಹೋಗುತ್ತದೆ; ಅದು ಯಾವುದೆಂದು ಬ್ಯಾಂಕಿನಲ್ಲಿ ಕೇಳಿ ತಿಳಿದಿರಬೇಕು. ಗಂಡ ಬಿಟ್ಟಿದ್ದರೆ ಅವನ ಮನೆಯ ರೇಷನ್ ಕಾರ್ಡಿನಿಂದ ಹೆಸರು ತೆಗೆಸಬೇಕು, ಇಲ್ಲವಾದರೆ ಬೇರೆ ಕಾರ್ಡಿಗೆ ಸೇರಲಾಗುವುದಿಲ್ಲ.

ಹೆರಿಗೆ ರಜೆಯನ್ನು ಬಾಯಲ್ಲಿ ಕೇಳಬಾರದು, ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು. ಪಿಎಚ್.ಡಿ. ವಿದ್ಯಾರ್ಥಿನಿಯರಿಗೆ ಯುಜಿಸಿ 2016ರ ನಿಯಮದಲ್ಲೇ 240 ದಿನ ಕೊಟ್ಟಿತು, 2022ರ ನಿಯಮದಲ್ಲೂ ಉಳಿಸಿತು. ಬಿ.ಎ., ಎಂ.ಎ. ಓದುವವರಿಗೆ ರಜೆ, ಹಾಜರಾತಿ ರಿಯಾಯಿತಿಯ ನಿಯಮ ಮಾಡಿಕೊಳ್ಳಿ ಎಂದು 2021ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆಯಿತು. ಆ ಪತ್ರದ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ಶೇ. 75ರ ಹಾಜರಾತಿ ಇಲ್ಲವೆಂದು ಪರೀಕ್ಷೆಗೆ ಕೂರಿಸದೆ ಕಳಿಸುವಾಗ ಈ ಕಾಗದವೇ ವಾದ ಮಾಡಬೇಕು.

ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡಾ ಸಂಸ್ಥಾನದ ತಿಂಗಳ ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿವೇತನದಲ್ಲಿ. ಮಗ ಯಶವಂತನಿಗೆ ಆಗ ವರ್ಷವೂ ತುಂಬಿರಲಿಲ್ಲ. ಆ ಕೂಸನ್ನು ನೋಡಿಕೊಂಡವರು ರಮಾಬಾಯಿ. ಅವರ ದುಡಿಮೆಗೆ ಯಾವ ಸ್ಕಾಲರ್‌ಶಿಪ್ಪೂ ಇರಲಿಲ್ಲ. ಮುಂದೆ 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಕಾರ್ಖಾನೆ ಹೆಂಗಸರ ಹೆರಿಗೆ ಭತ್ಯೆಯ ಮಸೂದೆ ಬೆಂಬಲಿಸಿದವರೂ ಬಾಬಾಸಾಹೇಬರೇ, 1942ರ ಮನವಿಯಲ್ಲಿ ಪರಿಶಿಷ್ಟರ ಓದಿಗೆ ಸರ್ಕಾರದ ಹಣ ಕೇಳಿದವರೂ ಅವರೇ. ಈ ಎರಡು ಹಕ್ಕುಗಳನ್ನು ಒಬ್ಬಳೇ ಹೆಣ್ಣಿನ ಕೈಯಲ್ಲಿಡುವ ಕೆಲಸ ಬಾಕಿಯಿದೆ.

ಸಂಘಟನೆಗಳು ಕೇಳಬೇಕಾದ್ದು ಇಷ್ಟು: ಗಂಡ ಬಿಟ್ಟವಳ ಆದಾಯವನ್ನು ಅವಳದನ್ನಷ್ಟೇ ನೋಡಿ ಲೆಕ್ಕ ಹಾಕಲಿ, ಕೂಸಿರುವವಳಿಗೆ ಹಾಸ್ಟೆಲಿನ ದರದ ಭತ್ಯೆಯೇ ಸಿಗಲಿ, ಜಿಲ್ಲೆಗೊಂದಾದರೂ ತಾಯಿ-ಮಗುವಿನ ಹಾಸ್ಟೆಲಾಗಲಿ. ಹಾಸ್ಟೆಲಿಗಾಗಿ ಬೀದಿಗಿಳಿದ ಚಳವಳಿ ನಮ್ಮದು. ಈ ಬೇಡಿಕೆಯೂ ಅದರ ಕರಪತ್ರದಲ್ಲಿರಬೇಕು.