ಭೂಮಿತಾಯಿಗೆ ಬಯಕೆಯೂಟ

ಜಡಿಮಳೆಯ ತಿಂಗಳುಗಳನ್ನು ಕಂಬಳಿಕೊಪ್ಪೆಯೊಳಗೆ ಕಳೆದ ಮಲೆನಾಡಿಗೆ ಶರದೃತುವಿನ ಆಗಮನ ಮೊದಲು ತಿಳಿಯುವುದು ಮನೆಯಂಗಳದಲ್ಲಿ. ಹಾವಸೆ ಒಣಗುತ್ತದೆ, ಆಗಸ ತಿಳಿಯಾಗುತ್ತದೆ. ಮುಂಜಾನೆಯ ಮಂಜಿನಲ್ಲಿ ಬಚ್ಚಲೊಲೆಯ ಮುಂದೆ ಕುಳಿತವರಿಗೆ ಏಳಲು ಮನಸ್ಸೇ ಬಾರದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂತಹ ಊರಿಗೆ ಎಳೆಬಿಸಿಲೇ ಒಂದು ಹಬ್ಬ.

ಋತುವಿನ ದೊಡ್ಡ ಹಬ್ಬ ಬರುವುದು ಆಶ್ವಯುಜದ ಹುಣ್ಣಿಮೆಯಂದು. ಅದೇ ಭೂಮಿ ಹುಣ್ಣಿಮೆ. ಆಗ ಬತ್ತದ ಪೈರು ಹೊಡೆ ತುಂಬಿ ನಿಂತಿರುತ್ತದೆ. ಭೂಮಿತಾಯಿ ಬಸುರಿ ಎಂಬುದು ರೈತನ ಭಾವನೆ. ತವರಿಗೆ ಬಂದ ಮಗಳ ಬಯಕೆಯನ್ನು ತೀರಿಸುವಂತೆ ಆಕೆಯ ಬಯಕೆಯನ್ನೂ ತೀರಿಸಬೇಕಲ್ಲವೆ? ಸಾಗರ, ಸೊರಬಗಳ ಕಡೆ ದೀವರ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಿಂದ ಬಿಳಿಯ ಚಿತ್ತಾರ ಬರೆಯುತ್ತಾರೆ. ಆ ರಾತ್ರಿ ಅಡುಗೆಮನೆಯ ಒಲೆ ಆರುವುದಿಲ್ಲ. ಒಂದೆಡೆ ಕಡುಬು ಬೇಯುತ್ತಿದ್ದರೆ, ಇನ್ನೊಂದೆಡೆ ಬಗೆಬಗೆಯ ಸೊಪ್ಪುಗಳ ಹಚ್ಚಂಬಲಿ ಕುದಿಯುತ್ತಿರುತ್ತದೆ. ನಸುಕಿನಲ್ಲಿ ಬುಟ್ಟಿ ಹೊತ್ತು ಗದ್ದೆಗೆ ನಡೆದು, ಪೈರಿಗೆ ಚರಗ ಬೀರಿ, ಪೂಜೆ ಮುಗಿಸಿ, ಮನೆಮಂದಿಯೆಲ್ಲ ಅಲ್ಲಿಯೇ ಎಲೆ ಹಾಸಿ ಉಣ್ಣುತ್ತಾರೆ. ಕಾಗೆಗೂ ಅಂದು ಪಾಲುಂಟು.

ಆದರೆ ಫಸಲು ಇನ್ನೂ ಕೈಗೆ ಬಂದಿಲ್ಲ. ಪೈರು ಹೂವಾಡುವ ಹೊತ್ತಿಗೆ ಮಳೆ ಮತ್ತೆ ಬಿಡದೆ ಹಿಡಿದರೆ ಪರಾಗ ತೊಳೆದುಹೋಗಿ, ಕಾಳು ಕಟ್ಟದೆ ತೆನೆ ಜಳ್ಳಾಗುವುದುಂಟು. ಕಣಜ ತುಂಬಿದ ಮೇಲೆ ಹಬ್ಬ ಮಾಡುವವರು ಎಲ್ಲೆಡೆಯೂ ಇದ್ದಾರೆ. ಇವರು ತುಂಬುವ ಮೊದಲೇ ಉಣಬಡಿಸುತ್ತಾರೆ. ಬರಿದಾದ ಬುಟ್ಟಿಯೊಡನೆ ಮನೆಗೆ ಮರಳುವಾಗ ಮಕ್ಕಳ ನಗು ಗದ್ದೆಯ ಬದುವಿನುದ್ದಕ್ಕೂ ಕೇಳಿಸುತ್ತದೆ. ಹಿರಿಯರ ಕಣ್ಣು ಮಾತ್ರ ಆಗಾಗ ಆಗಸದತ್ತ ಹೊರಳುತ್ತದೆ.